ಕಾಣದ ಎಡಗಡೆ

ಕಣ್ಣು ನೆಟ್ಟಗಿದ್ದರೆ ನೋಟವೂ ನೆಟ್ಟಗಿರುವುದೆಂದೂ, ಕೈ ಪಳಗಿದ್ದರೆ ಚಿತ್ರ ತಾನಾಗಿ ಮೂಡುವುದೆಂದೂ ನಾವು ನಂಬಿದ್ದೇವೆ. ವಿಚಾರಿಸಿ ನೋಡಿದರೆ ಇವೆರಡೂ ಅರ್ಧಸತ್ಯಗಳೇ ಸರಿ.

ಜರ್ಮನಿಯ ಕೊಲೋನ್ ನಗರದಲ್ಲಿ ಆಂಟನ್ ರೇಡರ್‌ಷೈಟ್ ಎಂಬ ಹೆಸರಾಂತ ಚಿತ್ರಕಾರನಿದ್ದನು. 1967ರಲ್ಲಿ ಅವನ ಮಿದುಳಿನ ಬಲಾರ್ಧಕ್ಕೆ ರಕ್ತಸಂಚಾರ ಕೆಟ್ಟು ಪೆಟ್ಟಾಯಿತು. ಆ ಬಳಿಕ ಅವನು ತನ್ನ ಮುಖವನ್ನೇ ಬರೆಯಹೊರಟಾಗ ಚಿತ್ರದ ಎಡಭಾಗ ಬಹುಮಟ್ಟಿಗೆ ಬರಿದಾಗಿ ಉಳಿಯಿತು. ಅವನು ಕೈಬಿಡಲಿಲ್ಲ, ತನ್ನ ಮುಖವನ್ನು ಮತ್ತೆ ಮತ್ತೆ ಬರೆದನು. ತಿಂಗಳುಗಳು ಕಳೆದಂತೆ ಎಡಗಡೆಯೂ ಮೆಲ್ಲಮೆಲ್ಲನೆ ತುಂಬಿಕೊಂಡಿತು.

ಇದು ಬರಿಯ ಕಣ್ಣಿನ ದೋಷವಲ್ಲ. ನಮ್ಮ ಗಮನವನ್ನು ಎಡಗಡೆಗೆ ಹರಿಸುವ ಕೆಲಸ ಮುಖ್ಯವಾಗಿ ಮಿದುಳಿನ ಬಲಾರ್ಧದ್ದು. ಅದು ಕೆಟ್ಟರೆ ಎಡಗಡೆಯ ಲೋಕವೇ ಮನಸ್ಸಿನಿಂದ ಜಾರುತ್ತದೆ. ಗಡಿಯಾರ ಬರೆಯೆಂದರೆ ಕೆಲವರು ಹನ್ನೆರಡು ಅಂಕಿಗಳನ್ನೂ ಬಲಗಡೆಯೇ ತುರುಕುವರು. ಇಟಲಿಯ ಬಿಸಿಯಾಕ್ ಮತ್ತು ಲುತ್ಸಾಟ್ಟಿ ಎಂಬ ವಿದ್ವಾಂಸರು 1978ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಇನ್ನೂ ಸೋಜಿಗದ್ದು. ಮಿಲಾನ್ ನಗರದ ದೊಡ್ಡ ಇಗರ್ಜಿಯ ಮುಂದಿನ ಚೌಕವನ್ನು ನೆನೆದು ವರ್ಣಿಸಿರೆಂದು ಅವರು ಇಬ್ಬರು ರೋಗಿಗಳನ್ನು ಕೇಳಿದರು. ಇಗರ್ಜಿಗೆ ಎದುರಾಗಿ ನಿಂತಂತೆ ಭಾವಿಸಿದಾಗ ರೋಗಿಗಳು ಹೆಚ್ಚಾಗಿ ಬಲಗಡೆಯ ಕಟ್ಟಡಗಳನ್ನೇ ಹೇಳಿದರು. ಇಗರ್ಜಿಗೆ ಬೆನ್ನುಮಾಡಿ ನಿಂತಂತೆ ಭಾವಿಸಿದಾಗ, ಮೊದಲು ಬಿಟ್ಟಿದ್ದ ಕಟ್ಟಡಗಳ ಹೆಸರುಗಳೇ ಬಾಯಿಗೆ ಬಂದವು! ನೆನಪು ಅಳಿದಿರಲಿಲ್ಲ, ಅದರ ಎಡಗಡೆಗೆ ಗಮನ ಹರಿಯುತ್ತಿರಲಿಲ್ಲ, ಅಷ್ಟೇ.

ಇದರಿಂದ ನಮಗೇನು ಎಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಜ್ಜನಿಗೆ ಲಕ್ವ ಹೊಡೆದ ಮೇಲೆ ತಟ್ಟೆಯ ಎಡಗಡೆಯ ಪಲ್ಯ ಹಾಗೆಯೇ ಉಳಿಯುತ್ತಿತ್ತು. ಅಂಗಿಯ ಎಡತೋಳು ಜೋತಾಡುತ್ತಿತ್ತು. ಮನೆಯವರು ಹಟವೆಂದರು, ನೆರೆಯವರು ಅರಳುಮರಳೆಂದರು. ಒಂದು ದಿನ ಅವ್ವ ತಟ್ಟೆಯನ್ನು ತಿರುಗಿಸಿಟ್ಟಳು. ಅಜ್ಜ ಉಳಿದದ್ದನ್ನೂ ಉಂಡನು. ಹಸಿವು ಮೊದಲಿನಿಂದಲೂ ಇತ್ತು.

ಇಂಥ ರೋಗಿಗೆ ತನ್ನಲ್ಲಿ ಕೊರತೆಯುಂಟೆಂಬುದೇ ಅನೇಕ ವೇಳೆ ತಿಳಿದಿರುವುದಿಲ್ಲ. ಅವನನ್ನು ಗದರಿಸುವುದು ಕುಂಟನನ್ನು ಓಡೆಂದು ಹೊಡೆದಂತೆ. ಎಡಗಡೆ ನೋಡೆಂದು ಸಮಾಧಾನದಿಂದ ನೆನಪಿಸುತ್ತಿರಬೇಕು; ವೈದ್ಯರಿಗೂ ತಿಳಿಸಬೇಕು. ಓದಿದ ನಾವು ಪದವಿಯೊಡನೆ ಇಂಥ ತಿಳಿವನ್ನೂ ಮನೆಗೆ ಒಯ್ಯಬೇಕು. ಅದು ಅಡುಗೆಮನೆಯವರೆಗೆ ತಲುಪಿದರೆ ಒಬ್ಬ ಮುದುಕನಾದರೂ ಬೈಗುಳವಿಲ್ಲದೆ ಹೊಟ್ಟೆತುಂಬ ಉಣ್ಣುವನೆಂಬುದು ನನ್ನ ನಮ್ರ ಅಭಿಪ್ರಾಯ.