ಪುಟ್ಟ ಟ್ಯಾಂಕಿನ ಮೈಮೇಲಣ ಗಾಯ

ರೇಡಿಯೋ ಅಲೆಗಳಿಂದ ದೂರದಲ್ಲಿಯೇ ನಿಂತು ನಡೆಯಿಸತಕ್ಕ ಯುದ್ಧಟ್ಯಾಂಕಿನ ಮಾದರಿಗಳನ್ನು ಮನೆಯಲ್ಲಿ ಜೋಡಿಸುವ ಬಾಲಕರಿಗೂ, ಅವರಿಗಿಂತ ಹೆಚ್ಚು ಉತ್ಸಾಹದ ತಂದೆಯರಿಗೂ ಈ ಸಲ ನಾವೆರಡು ಮಾತು ಹೇಳಬಯಸುವೆವು.

ಜಪಾನಿನ ತಮಿಯಾ ಸಂಸ್ಥೆಯವರ ಹದಿನಾರರಲ್ಲೊಂದಂಶದ ಟೈಗರನ್ನೇ ತೆಗೆದುಕೊಳ್ಳೋಣ. ಮೋಟಾರುಗಳನ್ನು ಕೂಡಿಸಿ ಚಕ್ರಗಳ ಮೇಲೆ ಪಟ್ಟಿಗಳನ್ನೇರಿಸುವುದನ್ನು ಕೈಪಿಡಿಯೇ ಕಲಿಸುವುದು. ಒಂದು ಪಟ್ಟಿಯನ್ನು ನಿಧಾನಗೊಳಿಸಿದರೆ ಬಂಡಿಯು ಆ ಕಡೆಗೇ ಹೊರಳುವುದು. ಕಷ್ಟವಿರುವುದು ಅಲಂಕಾರದಲ್ಲಿ. ಆಲಂಕಾರಿಕರು ಕಾವ್ಯಕ್ಕೆ ವಿಧಿಸಿದ ಔಚಿತ್ಯವು ಬಣ್ಣದ ಕುಂಚಕ್ಕೂ ಬೇಕು.

ಇಂಗ್ಲೆಂಡಿನ ಬೋವಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿರುವ ೧೩೧ನೆಯ ಟೈಗರು ೧೯೪೩ರ ಏಪ್ರಿಲಿನಲ್ಲಿ ಟುನೀಸಿಯದಲ್ಲಿ ಬ್ರಿಟಿಷರ ಕೈಸೇರಿತು. ಅಯಸ್ಕಾಂತದ ಬಾಂಬುಗಳು ಅಂಟದಿರಲೆಂದು ಜರ್ಮನರು ಮೆತ್ತುತ್ತಿದ್ದ ಜಿಮ್ಮೆರಿಟ್ ಲೇಪವು ಬಳಕೆಗೆ ಬಂದದ್ದು ತರುವಾಯ. ಗೆರೆಗೆರೆಯಾಗಿ ಅಂದವಾಗಿದೆಯೆಂದು ಅದನ್ನು ಈ ಬಂಡಿಗೆ ಬಳಿದರೆ ದುಷ್ಯಂತನ ಕೈಗೆ ಗಡಿಯಾರ ಕಟ್ಟಿದಂತೆ!

ಇರಬೇಕಾದುದನ್ನೇ ಬಿಡುವವರೂ ಉಂಟು. ಶತ್ರುವಿನ ಗುಂಡೊಂದು ಈ ಟೈಗರಿನ ಫಿರಂಗಿಯ ನಳಿಗೆಗೆ ತಗುಲಿ, ಕೆಳಕ್ಕೆ ಜಾರಿ, ಮೇಲಣ ತಿರುಗುವ ಗೂಡಿನ ಬುಡದಲ್ಲಿ ಸಿಕ್ಕಿಕೊಂಡಿತು. ಗೂಡು ತಿರುಗದಾಯಿತು, ಸೈನಿಕರು ಬಂಡಿಯನ್ನು ತೊರೆದು ಹೋದರು. ಐವತ್ತೇಳು ಟನ್ನಿನ ಯಂತ್ರವನ್ನು ಕೆಡಿಸಿದ ಆ ಗಾಯವು ಮಾದರಿಯಲ್ಲಿ ಜೋಳದ ಕಾಳಿನಷ್ಟಾದೀತು. ಹೊಸ ಆಟಿಕೆ ಕೆಡುವುದೆಂದು ಹುಡುಗನು ಮುನಿದಾನು. ಆದರೂ ಹಿರಿಯರು ಪಕ್ಕದಲ್ಲಿ ಕುಳಿತು ಅದನ್ನು ಅವನ ಕೈಯಿಂದಲೇ ಕೊರೆಯಿಸಬೇಕು. ಒಳಗೆ ಐವರು ಮನುಷ್ಯರು ಕುಳಿತಿದ್ದರೆಂದು ಕೊರೆಯುವಾಗಲೇ ಹೇಳಬೇಕು. ಬಣ್ಣವನ್ನೂ ಟುನೀಸಿಯದ ಧೂಳನ್ನೂ ಆಮೇಲೆ ಬಳಿಯಲಿ.