ಹೊಸ ಮನೆಗೆ ಯೋಜನೆಯುಂಟು, ಸೋರುವ ಮನೆಗೆ?

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಸಣ್ಣ ರೈತನಿಗೆ ಮನೆಯೇ ಉಗ್ರಾಣ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು-ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ ಉಂಡೆ ಕೊಬ್ಬರಿಯಾಗುತ್ತದೆ. ತಿಪಟೂರು ಮಾರುಕಟ್ಟೆಯ ಖ್ಯಾತಿ ನಿಂತಿರುವುದು ಈ ಕೊಬ್ಬರಿಯ ಮೇಲೆ. ಹೀಗಾಗಿ ಇಲ್ಲಿ ಹೆಂಚು ಒಡೆದರೆ ವಾಸದ ಜೊತೆಗೆ ವರ್ಷದ ಆದಾಯವೂ ನೆನೆಯುತ್ತದೆ. ಆದರೆ ಗ್ರಾಮೀಣ ವಸತಿಯ ಲೆಕ್ಕಾಚಾರದಲ್ಲಿ ದುರಸ್ತಿಗೆ ಸಿಕ್ಕಿರುವ ಸ್ಥಾನ ಅತ್ಯಲ್ಪ.

1985ರಲ್ಲಿ ಆರಂಭವಾದ ಇಂದಿರಾ ಆವಾಸ್ ಯೋಜನೆಯಲ್ಲಿ ಹೊಸ ಮನೆಯ ಜೊತೆಗೆ ಹಳೆಯ ಕಚ್ಚಾ ಮನೆಯನ್ನು ಮೇಲ್ದರ್ಜೆಗೇರಿಸಲೂ ಸಣ್ಣ ಮೊತ್ತದ ನೆರವು ದೊರೆಯುತ್ತಿತ್ತು. 2016ರಲ್ಲಿ ಅದರ ಜಾಗಕ್ಕೆ ಬಂದ ಪ್ರಧಾನಮಂತ್ರಿ ಆವಾಸ್ ಯೋಜನೆ (ಗ್ರಾಮೀಣ) ಹೊಸ ಪಕ್ಕಾ ಮನೆಯನ್ನೇ ಗುರಿಯಾಗಿಸಿಕೊಂಡಿತು. ಬಯಲು ಪ್ರದೇಶಕ್ಕೆ ಆಗ ನಿಗದಿಯಾದ 1.20 ಲಕ್ಷ ರೂಪಾಯಿಯ ನೆರವನ್ನು 2024ರಲ್ಲಿ ಯೋಜನೆ ಮುಂದುವರಿದಾಗಲೂ ಹೆಚ್ಚಿಸಲಿಲ್ಲ. ಕನಿಷ್ಠ 25 ಚದರ ಮೀಟರಿನ ಈ ಮನೆಯ ಕಲ್ಪನೆಯಲ್ಲಿ ಕೊಬ್ಬರಿ ಅಟ್ಟಕ್ಕೆ ಸ್ಥಳವಿಲ್ಲ.

ವಿಪರ್ಯಾಸ ಇನ್ನೊಂದಿದೆ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಪೂರ್ಣ ಕುಸಿದ ಮನೆಗೆ 5 ಲಕ್ಷ ರೂಪಾಯಿ ಹಾಗೂ ಅಲ್ಪ ಹಾನಿಗೆ 50 ಸಾವಿರ ರೂಪಾಯಿ ಪರಿಹಾರ ಘೋಷಿಸಿತ್ತು. ಗೋಡೆ ಬಿದ್ದ ಮೇಲೆ ಬೊಕ್ಕಸ ತೆರೆಯುತ್ತದೆ. ಬೀಳದಂತೆ ತಡೆಯಲು ಅದರ ಒಂದಂಶವೂ ಸುಲಭವಾಗಿ ಸಿಗುವುದಿಲ್ಲ. ಮಣ್ಣಿನ ಗೋಡೆ ಕುಸಿಯುವುದು ಸಾಮಾನ್ಯವಾಗಿ ಮಾಡಿನಿಂದ ನೀರಿಳಿದು ಬುಡ ನೆನೆದಾಗ. ಮುಂಗಾರಿಗೆ ಮೊದಲೇ ನೂರಿನ್ನೂರು ಹೆಂಚು, ಗೆದ್ದಲು ಹಿಡಿದ ಒಂದೆರಡು ತೊಲೆ ಬದಲಿಸಿದ್ದರೆ ಅನೇಕ ಗೋಡೆಗಳು ಉಳಿಯುತ್ತವೆ.

ಈ ಕೊರತೆಯನ್ನು ತುಂಬುತ್ತಿದ್ದುದು ಊರೇ. ಮುಯ್ಯಾಳಿನ ಪದ್ಧತಿಯಲ್ಲಿ ನೆರೆಹೊರೆಯವರು ಕೂಲಿಯಿಲ್ಲದೆ ಬಂದು ಹೆಂಚು ಕೈಯಾಡಿಸುತ್ತಿದ್ದರು; ಆ ಋಣವನ್ನು ಮನೆಯವರು ದುಡಿಮೆಯಿಂದಲೇ ತೀರಿಸುತ್ತಿದ್ದರು. ಯುವಕರು ಬೆಂಗಳೂರಿನ ದಾರಿ ಹಿಡಿದಂತೆ, ನಾಡಹೆಂಚು ಸುಡುವವರು ವಿರಳವಾದಂತೆ ಆ ಪದ್ಧತಿ ಕ್ಷೀಣಿಸಿತು. ಇಂದು ಅದರ ಭಾರವನ್ನು ಬಹುಮಟ್ಟಿಗೆ ಹೊತ್ತಿರುವುದು ಮಹಿಳಾ ಸ್ವಸಹಾಯ ಸಂಘಗಳ ಸಾಲ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯು 'ವಾತ್ಸಲ್ಯ' ಕಾರ್ಯಕ್ರಮದಡಿ ರಾಜ್ಯದ ಹಲವೆಡೆ ಆಸರೆಯಿಲ್ಲದವರಿಗೆ ಚಿಕ್ಕ ಮನೆಗಳನ್ನು ಕಟ್ಟಿಕೊಟ್ಟಿದೆ. ಆದರೆ ದಾನದ ಮನೆ ಕೆಲವರಿಗೆ ಮಾತ್ರ ತಲುಪಬಲ್ಲದು.

ಕಡಿಮೆ ವೆಚ್ಚದ ತಂತ್ರಜ್ಞಾನಕ್ಕೂ ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ತನ್ನ ವಿಸ್ತರಣಾ ಕೇಂದ್ರವನ್ನು ಸ್ಥಾಪಿಸಿದ್ದು ಇದೇ ಜಿಲ್ಲೆಯ, ತುರುವೇಕೆರೆಗೆ ಹೊಂದಿಕೊಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ. ಮಣ್ಣಿಗೆ ಅಲ್ಪ ಪ್ರಮಾಣದ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಬಳಸುವ ಇಟ್ಟಿಗೆಯನ್ನು ಅದು ರೂಢಿಗೆ ತಂದಿತು. ಊರಿನ ಮಣ್ಣಿನಲ್ಲಿ, ಊರಿನ ಕೈಗಳಿಂದಲೇ ಗೋಡೆ ಎಬ್ಬಿಸಬಹುದಾದ ಈ ಮಾರ್ಗ ವಸತಿ ಯೋಜನೆಗಳ ಮುಖ್ಯಧಾರೆಗೆ ಬರಲಿಲ್ಲ.

ಕೊಬ್ಬರಿಯ ಬೆಲೆಯೂ ಈ ಚಿತ್ರದ ಭಾಗ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆ ದರ ಅದಕ್ಕಿಂತ ಬಹಳ ಕೆಳಗಿತ್ತು. ಅಂಥ ವರ್ಷ ದುರಸ್ತಿ ಮುಂದೂಡಲ್ಪಡುತ್ತದೆ. 2025ರಲ್ಲಿ ದರ 20 ಸಾವಿರ ರೂಪಾಯಿ ದಾಟಿತು. ಫಸಲು ಉಳಿಸಿಕೊಂಡ ತೋಟದವರಿಗೆ ಅದು ಸೂರು ಸರಿಪಡಿಸಿಕೊಳ್ಳುವ ಅವಕಾಶ. ಆದರೆ ಕಾಯಿ ಸುಲಿಯುವ, ಕೊಬ್ಬರಿ ಒಡೆಯುವ ಕೂಲಿ ಕುಟುಂಬಗಳಿಗೆ ಏರಿದ ಬೆಲೆ ತಲುಪುವುದಿಲ್ಲ. ಅವರಲ್ಲಿ ಹಕ್ಕುಪತ್ರವಿಲ್ಲದ ಜಾಗದಲ್ಲಿ ವಾಸಿಸುವವರಿಗೆ ವಸತಿ ಯೋಜನೆಯೂ ಬ್ಯಾಂಕಿನ ಸಾಲವೂ ದೂರವೇ.

ಪರಿಹಾರ ದೊಡ್ಡ ಮೊತ್ತವನ್ನು ಬೇಡುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಗ್ರಾಮಸಭೆಯೇ ಅಪಾಯದಲ್ಲಿರುವ ಮನೆಗಳ ಪಟ್ಟಿ ಮಾಡಬಹುದು. ಸಹಕಾರ ಸಂಘಗಳು ಕೊಬ್ಬರಿ ಮಾರಾಟದ ಕಾಲಕ್ಕೆ ಕಂತು ಹೊಂದಿಸಿ ದುರಸ್ತಿ ಸಾಲ ನೀಡಬಹುದು. ಪರಿಹಾರಕ್ಕೆ ಮೀಸಲಾಗುವ ಹಣದ ಒಂದು ಪಾಲನ್ನು ಸರ್ಕಾರ ಮುಂಜಾಗ್ರತೆಗೆ ತಿರುಗಿಸಬಹುದು. ಮುಯ್ಯಾಳಿನ ಕಾಲದಲ್ಲಿ ಊರು ಮಳೆಗೆ ಮೊದಲು ಮಾಡುತ್ತಿದ್ದ ಕೆಲಸವನ್ನೇ ಆಡಳಿತ ಮಳೆ ಸುರಿದ ಮೇಲೆ, ಹಲವು ಪಟ್ಟು ವೆಚ್ಚದಲ್ಲಿ ಮಾಡುತ್ತಿದೆ. ಕಟ್ಟಿದ ಹೊಸ ಮನೆಗಳ ಸಂಖ್ಯೆಯ ಜೊತೆಗೆ ಬೀಳದಂತೆ ಉಳಿಸಿಕೊಂಡ ಹಳೆಯ ಮನೆಗಳ ಸಂಖ್ಯೆಯೂ ಪ್ರಗತಿ ವರದಿಯಲ್ಲಿ ದಾಖಲಾಗುವವರೆಗೆ ಈ ಕ್ರಮ ಬದಲಾಗುವ ಸಾಧ್ಯತೆ ಕಡಿಮೆ.