ಪಾಕಶಾಲೆ: ಸಿಸಿಲಿಯ ಮೀನು ಶಾವಿಗೆ

ಇಟಲಿಯ ದಕ್ಷಿಣಕ್ಕಿರುವ ಸಿಸಿಲಿ ದ್ವೀಪದಲ್ಲಿ, ವಿಶೇಷವಾಗಿ ಪಲೆರ್ಮೊ ಪಟ್ಟಣದ ಸುತ್ತಿನಲ್ಲಿ, ವಸಂತವು ಬಂದಿತೆಂದರೆ ‘ಪಾಸ್ತಾ ಕೊನ್ ಲೆ ಸಾರ್ದೆ’ ಎಂಬ ಪಾಕವು ಮನೆಮನೆಗಳಲ್ಲಿ ಸಿದ್ಧವಾಗುತ್ತದೆ. ಸಾರ್ಡೀನ್ ಮೀನು ಬೆರೆಸಿದ ಗೋಧಿಯ ಶಾವಿಗೆ ಎಂದು ಇದರ ಅರ್ಥ. ಮಂಗಳೂರಿನವರ ಬೂತಾಯಿ, ಕಾರವಾರದವರ ತಾರ್ಲೆ ಆ ಮೀನಿನ ದಾಯಾದಿಗಳೇ ಆದುದರಿಂದ ನಮ್ಮ ಕರಾವಳಿಯ ವಾಚಕರಿಗೆ ಇದು ತೀರ ಪರಕೀಯವೆನಿಸದು.

ಕ್ರಿ. ಶ. 827ರಲ್ಲಿ ಅರಬರ ಸೈನ್ಯವು ಮಜಾರಾ ಎಂಬಲ್ಲಿ ದಡ ಸೇರಿದಾಗ, ಹಸಿದ ಯೋಧರಿಗಾಗಿ ಬಾಣಸಿಗನೊಬ್ಬನು ಕಡಲಿನ ಮೀನನ್ನೂ ಗುಡ್ಡದ ಕಾಡುಸೋಂಪನ್ನೂ ಕೂಡಿಸಿ ಇದನ್ನು ಮೊದಲು ಬೇಯಿಸಿದನೆಂದು ಅಲ್ಲಿಯವರು ಹೇಳುವುದುಂಟು. ಇದನ್ನು ನಾವು ಇತಿಹಾಸವೆಂದು ನಂಬಲಾರೆವು. ಶಾವಿಗೆಯ ವಿಷಯದಲ್ಲಿಯಾದರೋ ಲಿಖಿತ ಸಾಕ್ಷ್ಯವೇ ಇದೆ. ಪಲೆರ್ಮೊ ಬಳಿಯ ತ್ರಾಬಿಯಾದಲ್ಲಿ ಶಾವಿಗೆಯನ್ನು ಹೇರಳವಾಗಿ ಮಾಡಿ ಹಡಗುಗಳಲ್ಲಿ ಹೊರನಾಡುಗಳಿಗೆ ಕಳುಹಿಸುತ್ತಿದ್ದರೆಂದು ಭೂಗೋಳಜ್ಞ ಇದ್ರೀಸಿಯು 1154ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ಬರೆದಿದ್ದಾನೆ.

ಈ ಅಡುಗೆಯ ಜೀವವೆಲ್ಲ ಮೀನಿನ ಹೊಸತನದಲ್ಲಿದೆ. ಕಣ್ಣು ತಿಳಿಯಾಗಿ ಉಬ್ಬಿರಬೇಕು, ಕಿವಿರು ಕೆಂಪಗಿರಬೇಕು, ಹೊಟ್ಟೆ ಒಡೆದಿರಬಾರದು. ಈ ಜಾತಿಯ ಮೀನು ಸೆಕೆಯಲ್ಲಿ ಕೆಲವು ಗಂಟೆಗಳಿದ್ದರೂ ಸಾಕು, ಅದರಲ್ಲಿ ಹಿಸ್ಟಮಿನ್ ಎಂಬ ದ್ರವ್ಯ ಬೆಳೆಯಬಹುದು. ಅದನ್ನು ತಿಂದವರಿಗೆ ಮುಖ ಕೆಂಪೇರಿ, ತಲೆನೋವು, ದದ್ದುಗಳು ಕಾಣಿಸಿಕೊಳ್ಳುತ್ತವೆ. ಎಷ್ಟು ಕುದಿಸಿದರೂ ಆ ವಿಷವು ನಾಶವಾಗದು. ಆದುದರಿಂದ ಅಗ್ಗವೆಂದು ಸಂಜೆಯ ಹಳಸಿದ ಮೀನನ್ನು ಕೊಂಡು ಮಕ್ಕಳಿಗೆ ಉಣಬಡಿಸುವುದು ಉಳಿತಾಯವಲ್ಲವೆಂದು ಗೃಹಿಣಿಯರಲ್ಲಿ ನಾವು ಒತ್ತಿ ಹೇಳುತ್ತೇವೆ.

ನಾಲ್ವರಿಗೆ ಅರ್ಧ ಕಿಲೋ ಮೀನು ಬೇಕು. ತಲೆ, ಕರುಳು, ನಡುಮುಳ್ಳುಗಳನ್ನು ತೆಗೆದು ಪುಸ್ತಕದಂತೆ ಬಿಡಿಸಿಡಬೇಕು. ಕಾಡುಸೋಂಪಿನ ಎಳೆಯ ಸೊಪ್ಪು 300 ಗ್ರಾಂ ಉಪ್ಪುನೀರಿನಲ್ಲಿ ಬೇಯಿಸಿ, ಹಿಂಡಿ, ಕೊಚ್ಚಿಟ್ಟುಕೊಳ್ಳುವುದು. ನೀರನ್ನು ಮಾತ್ರ ಚೆಲ್ಲಕೂಡದು. ಶಾವಿಗೆಯು ಅದರಲ್ಲಿಯೇ ಬೇಯತಕ್ಕದ್ದು. ಬಾಣಲೆಯಲ್ಲಿ ಆಲಿವ್ ಎಣ್ಣೆ ಕಾಯಿಸಿ, ಈರುಳ್ಳಿ ಬಾಡಿದ ಮೇಲೆ ಉಪ್ಪಿನಲ್ಲಿಟ್ಟ ನಾಲ್ಕು ಆಂಚೊವಿ ಮೀನಿನ ತುಂಡುಗಳನ್ನು ತೊಳೆದು ಹಾಕಿದರೆ ಅವು ತಾವಾಗಿಯೇ ಕರಗುತ್ತವೆ. ಅನಂತರ ಒಣದ್ರಾಕ್ಷಿ, ಚಿಲ್ಗೋಜವನ್ನು ಹೋಲುವ ಪೈನ್ ಬೀಜ, ನೀರಿನಲ್ಲಿ ನೆನೆಸಿದ ಚಿಟಿಕೆ ಕುಂಕುಮಕೇಸರಿ, ಸೊಪ್ಪು, ಅರ್ಧ ಭಾಗ ಮೀನು. ಮೀನು ಪುಡಿಯಾಗಿ ಬೆರೆತ ಮೇಲೆ ಉಳಿದರ್ಧವನ್ನು ಇಡಿಯಾಗಿಯೇ ಮೇಲಿಟ್ಟು ಮುಚ್ಚಿದರೆ ಐದೇ ನಿಮಿಷದಲ್ಲಿ ಬೇಯುವುದು. ನಡುವೆ ರಂಧ್ರವಿರುವ ‘ಬುಕಾತೀನಿ’ ಶಾವಿಗೆ 350 ಗ್ರಾಂ ಬೇಯಿಸಿ ಬೆರೆಸಿ ಹತ್ತು ನಿಮಿಷ ಬಿಡಬೇಕು.

ಗಿಣ್ಣು ಹಾಕುವುದು ಅಲ್ಲಿಯ ರೂಢಿಯಲ್ಲ. ಒಣಗಿದ ಬ್ರೆಡ್ಡಿನ ಪುಡಿಯನ್ನು ಎಣ್ಣೆಯಲ್ಲಿ ಹೊಂಬಣ್ಣಕ್ಕೆ ಹುರಿದು ಉದುರಿಸುತ್ತಾರೆ. ಗಿಣ್ಣು ಕೊಳ್ಳಲಾರದ ಬಡವರು ಕಂಡುಕೊಂಡ ಈ ಉಪಾಯವು ಗಿಣ್ಣಿಗಿಂತಲೂ ರುಚಿಕರವೆಂದು ನಮ್ಮ ಅಭಿಪ್ರಾಯ.

ಸಾರ್ಡೀನ್ ದೊರೆಯದ ದಿನ ಅದಿಲ್ಲದೆಯೇ ಉಳಿದೆಲ್ಲವನ್ನೂ ಕೂಡಿಸಿ ಅಡುಗೆ ಮಾಡಿ, ‘ಸಾರ್ದೆ ಆ ಮಾರೆ’, ಎಂದರೆ ‘ಮೀನು ಇನ್ನೂ ಕಡಲಲ್ಲಿದೆ’ ಎಂದು ನಗುತ್ತ ಬಡಿಸುವರು. ಮತ್ಸ್ಯವನ್ನು ಮುಟ್ಟದ ನಮ್ಮ ವಾಚಕರು ಆಂಚೊವಿಯನ್ನೂ ಬಿಟ್ಟು, ಉಪ್ಪನ್ನು ಸ್ವಲ್ಪ ಹೆಚ್ಚಿಸಿ ಇದನ್ನೇ ಮಾಡಬಹುದು. ಕಾಡುಸೋಂಪು ಸಿಕ್ಕದಲ್ಲಿ ತೋಟದ ಸೋಂಪಿನ ಎಳೆಯ ಸೊಪ್ಪಿಗೆ ಒಂದು ಚಮಚ ಕುಟ್ಟಿದ ಸೋಂಪುಕಾಳು ಸೇರಿಸಿದರೆ ಪರಿಮಳಕ್ಕೆ ಕೊರತೆಯಾಗದು.